ಖಳನಾಯಕಿಯ ಎಡಗೆನ್ನೆ

ಮಹಡಿ ಮನೆಗೆ ಹೊಸದಾಗಿ ಬಂದವರು ಮೊನ್ನೆ ಇಳಿದು ಬಂದು, "ಆಂಟಿ, ಕಿಟಕಿ ಪಕ್ಕ ಗೋಡೆ ಮೇಲೆ ಏನೋ ಕಪ್ಪು ಕಲೆ ಇದೆ. ಪೇಂಟ್ ಹೊಡೆದ್ರೂ ಮತ್ತೆ ಮೇಲೆ ಬರ್ತಿದೆ" ಎಂದರು. ಬರುತ್ತದೆ. ಅದು ಚಿತ್ರ ಬರೆಯುವ ಮಸಿ, ಎರಡು ಕೋಟು ಬಣ್ಣಕ್ಕೆಲ್ಲ ಹೆದರುವುದಲ್ಲ. ಅಲ್ಲೊಂದು ಕ್ಯಾಲೆಂಡರ್ ಹಾಕಿಕೊಳ್ಳಿ ಎಂದು ನಮ್ಮ ಗೋಡೆಯದನ್ನೇ ಬಿಚ್ಚಿ ಕೊಟ್ಟೆ. ಅವರು ಹೋದ ಮೇಲೆ, ಗೋಡೆಯಲ್ಲಾದರೂ ಉಳಿದಿದ್ದಾರಲ್ಲ, ಅಷ್ಟಾದರೂ ಉಳಿಸಿದೆಯಲ್ಲ ತಾಯಿ ಎಂದು ಬನಶಂಕರಿ ಅಮ್ಮನಿಗೆ ನಿಂತಲ್ಲಿಂದಲೇ ಕೈ ಮುಗಿದೆ.

ಆ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಹನ್ನೊಂದು ವರ್ಷ ಕೂತಿದ್ದವರು ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರು ಬರೆದ ಚಿತ್ರಗಳ ಕೆಳಗೂ ಹೆಸರು ಇರುತ್ತಿರಲಿಲ್ಲ. ಕೇಳಿದರೆ, "ರಾಕ್ಷಸೀನ ಬರೆದೋಳು ಇವಳೇ ಅಂತ ಊರಿಗೆಲ್ಲ ಗೊತ್ತಾಗಿ ಏನಾಗ್ಬೇಕಕ್ಕ" ಎಂದು ನಗುತ್ತಿದ್ದರು. ಮಹಡಿಗೆ ಬಾಡಿಗೆಗೆ ಬಂದವರನ್ನು ನಮ್ಮ ಮನೆಯಲ್ಲಿ 'ಮೇಲಿನವರು' ಅನ್ನುವುದು ರೂಢಿ. ಇವರು ಹೋದ ಮೇಲೆ ಆ ಹೆಸರನ್ನು ಇನ್ನೊಬ್ಬರಿಗೆ ಕೊಡಲು ನಾಲಿಗೆ ಹೊರಳುತ್ತಿಲ್ಲ. ಅಷ್ಟು ವರ್ಷದಲ್ಲಿ ಅವರು ಬರೆಯಲಾರೆ ಎಂದದ್ದು ಒಂದೇ ಒಂದು ಪುಟ. ಆ ಪುಟದ ಸಂಗತಿ ಹೇಳಬೇಕೆಂದೇ ನಾನು ಪೆನ್ನು ಹಿಡಿದದ್ದು.

ಅವರ ಕೆಲಸ ಕಾಮಿಕ್ಸ್ ಚಿತ್ರ ಬರೆಯುವುದು. ಹಾರುವ, ಗೋಡೆ ಒಡೆಯುವ, ಕಣ್ಣಲ್ಲೇ ಬೆಂಕಿ ಬಿಡುವ ಸೂಪರ್‌ಹೀರೋಗಳ ಪುಸ್ತಕ. ಜಯನಗರದಲ್ಲಿ ಒಂದು ಸಣ್ಣ ಆಫೀಸು. ಅಲ್ಲಿ ಕಥೆ ಬರೆಯುವವರು ಬೇರೆ, ನಾಯಕನನ್ನು ಬರೆಯುವವರು ಬೇರೆ, ಕಟ್ಟಡ ಕಾರು ಬರೆಯುವವರು ಬೇರೆ. ಕಥೆಯಲ್ಲಿ ಹೆಣ್ಣು ವಿಲನ್ ಬಂದಳೆಂದರೆ ಮಾತ್ರ ಆ ಹಾಳೆಗಳು ಇಟ್ಟಮಡುವಿಗೆ ಬಂದು ನಮ್ಮ ಮೆಟ್ಟಿಲು ಹತ್ತುತ್ತಿದ್ದವು. ಮೊದಲು ಪೆನ್ಸಿಲ್, ಮನಸ್ಸಿಗೆ ಒಪ್ಪಿದ ಮೇಲೆ ಅದರ ಮೇಲೆ ಮಸಿ. ಈಗ ಎಲ್ಲರೂ ಕಂಪ್ಯೂಟರಿನಲ್ಲೇ ಬರೆಯುತ್ತಾರಂತೆ, ಇವರು ಒಪ್ಪಲಿಲ್ಲ. "ಮಸೀಲಿ ತಪ್ಪು ಮಾಡಿದ್ರೆ ತಪ್ಪು ಉಳಿಯತ್ತೆ ಅಕ್ಕ. ಆ ಭಯ ಇರ್ಬೇಕು" ಎನ್ನುತ್ತಿದ್ದರು.

ಅವರ ಮುಖದ ಎಡಭಾಗ ಸುಟ್ಟಿತ್ತು. ಕಿವಿಯಿಂದ ಕುತ್ತಿಗೆಯವರೆಗೆ ಚರ್ಮ ಎಳೆದುಕೊಂಡಿತ್ತು, ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಮನೆ ನೋಡಲು ಬಂದ ದಿನ ನಾನು ಕಾಫಿ ಕೊಡುತ್ತ, ಫ್ಯಾನು, ಬಾಗಿಲು, ತೋರಣ ಎಲ್ಲ ನೋಡುತ್ತಿದ್ದೆ, ಅವರನ್ನು ಬಿಟ್ಟು. ಅವರೇ ಲೋಟ ಕೆಳಗಿಟ್ಟರು.

"ಪಂಪ್ ಸ್ಟವ್ ಸಿಡೀತು ಅಕ್ಕ. ಹತ್ತೊಂಬತ್ತು ವರ್ಷ ಆವಾಗ ನಂಗೆ. ಹಾಲು ಕಾಯಿಸ್ತಿದ್ದೆ. ಅಷ್ಟೇ. ಅದರಲ್ಲಿ ಕಥೆ ಏನಿಲ್ಲ."

ಕಥೆ ಏನಿಲ್ಲ ಎಂದರೆ ಯಾರು ನಂಬುತ್ತಾರೆ. ಗಂಡನ ಮನೆಯವರು ಸೀಮೆಎಣ್ಣೆ ಸುರಿದರಂತೆ ಎಂದು ಒಬ್ಬರು, ಯಾರನ್ನೋ ಪ್ರೀತಿಸಿ ತಾನೇ ಹಚ್ಚಿಕೊಂಡಳಂತೆ ಎಂದು ಇನ್ನೊಬ್ಬರು. ಅವರಿಗೆ ಮದುವೆಯೇ ಆಗಿರಲಿಲ್ಲ. ಹಾಲು ಕಾಯಿಸುತ್ತಿದ್ದರು, ಅಷ್ಟೇ.

ಬಂದ ಎರಡನೇ ವಾರ. ನಾನು ಒಲೆಯ ಮುಂದೆ ನಿಂತು ಮುದ್ದೆ ತಿರುವುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತು, "ಅಕ್ಕ, ಕೋಲು ಹಂಗೇ ಹಿಡ್ಕೊಂಡಿರಿ. ಅಲ್ಲಾಡ್ಬೇಡಿ" ಎಂದರು. ಕೈಯಲ್ಲಿ ಪುಸ್ತಕ, ಪೆನ್ಸಿಲ್.

"ಮುದ್ದೆ ಗಂಟಾಗತ್ತೆ ಕಣ್ರೀ."

"ಆಗ್ಲಿ, ಗಂಟು ಮುದ್ದೆ ನಾನೇ ತಿಂತೀನಿ."

ತಿಂದರು ಕೂಡ. ಮುಂದಿನ ತಿಂಗಳ ಪುಸ್ತಕದಲ್ಲಿ ಒಬ್ಬ ಮಾಟಗಾತಿ ಸಿಡಿಲಿನ ಈಟಿ ಹಿಡಿದು ಊರ ಮೇಲೆ ನಿಂತಿದ್ದಳು. ನಮ್ಮ ಯಜಮಾನರು ಕನ್ನಡಕ ಏರಿಸಿ ನೋಡಿ, "ಇದು ನಿಂದೇ ಕೈ ಕಣೇ. ಕಿರುಬೆರಳು ನೋಡು, ಸೊಟ್ಟ. ಮೂವತ್ತು ವರ್ಷದಿಂದ ನಾನು ಹೇಳ್ತಿರೋದು ಇವರಿಗೆ ಎರಡೇ ವಾರಕ್ಕೆ ಗೊತ್ತಾಗಿದೆ" ಎಂದರು. ಆಮೇಲೆ ಬಂದ ಎಲ್ಲ ಕೆಟ್ಟ ಹೆಂಗಸರಿಗೂ ನನ್ನದೇ ಕೈ. ವಿಷದ ಸೀಸೆ ಹಿಡಿದ ಕೈ, ಬೀಗ ಒಡೆದ ಕೈ, ನಾಯಕನ ಕತ್ತು ಹಿಸುಕಿದ ಕೈ. ಪೂಜೆಗೆ ಕೂತು ಮಂಗಳಾರತಿ ಎತ್ತುವಾಗ ಒಮ್ಮೊಮ್ಮೆ ನೆನಪಾಗಿ ನಗು ಬರುತ್ತಿತ್ತು, ಅಮ್ಮ ಕ್ಷಮಿಸಲಿ.

ಅವರೆಕಾಯಿ ಕಾಲದಲ್ಲಿ ಇಬ್ಬರೂ ವರಾಂಡದಲ್ಲಿ ಕೂತು ಕಾಳು ಹಿಚುಕುತ್ತಿದ್ದೆವು. ಅವರ ಕೆಲಸದ ಕಟ್ಟಳೆಗಳನ್ನು ಅವರು ನನಗೆ ಹೇಳಿದ್ದು ಆಗ.

"ಕೆಟ್ಟ ಹೆಂಗಸು ಅಂದ್ರೆ ಮೊದ್ಲು ಕೂದ್ಲು ಬಿಚ್ಚಿರ್ಬೇಕು. ಸೊಂಟ ಹಿಡಿಯಷ್ಟೇ ಇರ್ಬೇಕು. ಬಟ್ಟೆ ಎಷ್ಟು ಕಮ್ಮಿ ಆದ್ರೆ ಅಷ್ಟು ಕೆಟ್ಟೋಳು. ನಗೋವಾಗ ಹಲ್ಲು ಕಾಣ್ಬೇಕು. ಒಳ್ಳೆಯೋಳು ತುಟಿ ಮುಚ್ಕೊಂಡು ನಗ್ತಾಳೆ."

"ಮಕ್ಕಳು?"

"ಇರ್ಬಾರ್ದು. ಅಡುಗೆಮನೆನೂ ಇರ್ಬಾರ್ದು. ಇಷ್ಟು ವರ್ಷದಲ್ಲಿ ಒಬ್ಬಳಿಗೂ ಒಂದು ಲೋಟ ನೀರು ಕುಡಿಸಿಲ್ಲ ಅಕ್ಕ ನಾನು." ಕಾಳು ಪಾತ್ರೆಗೆ ಬಿತ್ತು. "ಗಂಡು ವಿಲನ್‌ಗೆ ಏನೇನೋ ಬೇಕು. ಊರು ಬೇಕು, ಖಜಾನೆ ಬೇಕು, ಭೂಮಿ ಪೂರ್ತಿ ಬೇಕು. ಹೆಣ್ಣಿಗೆ ಒಂದೇ. ಸೇಡು. ಯಾರೋ ಕಟ್ಕೊಳ್ಳಿಲ್ಲ, ಸೇಡು. ರೂಪ ಹೋಯ್ತು, ಊರೆಲ್ಲ ಸುಡ್ತೀನಿ. ರೂಪ ಹೋದೋರು ಬೆಳಗ್ಗೆ ಎದ್ದು ಹಾಲು ತರಕ್ಕೆ ಹೋಗ್ತಾರೆ ಅಂತ ಅವ್ರಿಗೆ ಯಾರೂ ಹೇಳಿಲ್ಲ."

ಹರಿಕಥೆಯಲ್ಲಿ ಕೇಳಿದ ರಾಕ್ಷಸಿಯರೂ ಹೆಚ್ಚು ಕಡಿಮೆ ಹೀಗೇ ಎಂದು ನನಗೆ ಅನ್ನಿಸಿತು.

ಹತ್ತು ಕಥೆ ಬಂದರೆ ನಾಲ್ಕರಲ್ಲಿ ಖಳನಾಯಕಿಯ ಅರ್ಧ ಮುಖ ಸುಟ್ಟಿರುತ್ತಿತ್ತು. ಕಥೆ ಬರೆದವರು ಯಾರೋ, ಇವರ ಮುಖ ನೋಡಿದವರೇ ಅಲ್ಲ. ಇವರು ಬರೆದು ಕಳಿಸುತ್ತಿದ್ದರು. ಎಷ್ಟು ನೈಜವಾಗಿದೆ ಮೇಡಂ, ಯಾವ ಫೋಟೋ ನೋಡಿ ಬರೆದಿರಿ ಎಂದು ಆಫೀಸಿನಿಂದ ಫೋನು ಬಂದಿತ್ತಂತೆ. ಆ ಮಾತು ಹೇಳುವಾಗ ಅವರು ನಗಲಿಲ್ಲ.

ನನ್ನ ಮಗಳು ಬಾಣಂತನಕ್ಕೆ ಬಂದಳು. ಮೇಲಿನವರು ಮಗು ನೋಡಲು ಬಂದ ಮೊದಲ ದಿನ ನಾನು ಮಗುವಿಗೆ ನಿದ್ದೆ ಎಂದು ಸುಳ್ಳು ಹೇಳಿ ಒಳಗೆ ಎತ್ತಿಕೊಂಡು ಹೋದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಮಗುವಿಗೆ ಆ ಬುದ್ಧಿ ಇರಲಿಲ್ಲ. ಆರು ತಿಂಗಳಾದಾಗ ಅವರ ಮಡಿಲಿಗೆ ತಾನೇ ಉರುಳಿ, ಎಳೆದುಕೊಂಡ ಆ ಕಿವಿಯನ್ನೇ ಹಿಡಿದು ಆಡಿತು. ಅವರು ಅಲ್ಲಾಡದೆ ಕೂತಿದ್ದರು. ನಾನು ಮಗುವಿಗೆ ಎರೆದು, ಕಾಡಿಗೆಯ ಬೊಟ್ಟು ಇಡುವುದನ್ನು ನೋಡಿ, "ಎಡಗೆನ್ನೆಗೇ ಯಾಕಕ್ಕ?" ಎಂದರು.

"ನಮ್ಮತ್ತೆ ಹಂಗೇ ಇಡ್ತಿದ್ರು. ಕೆಟ್ಟ ಕಣ್ಣು ಮೊದ್ಲು ಬೊಟ್ಟಿನ ಮೇಲೆ ಬೀಳತ್ತೆ. ಮಗು ಮೇಲೆ ಬೀಳಲ್ಲ."

ಆವತ್ತಿನಿಂದ ಅವರು ಬರೆದ ಪ್ರತಿ ಖಳನಾಯಕಿಯ ಎಡಗೆನ್ನೆಯಲ್ಲೂ ಒಂದು ಚುಕ್ಕೆ ಬಂತು. ಆಫೀಸಿನವರು ಮಸಿ ಚೆಲ್ಲಿದೆ ಎಂದುಕೊಂಡು ಬಿಳಿ ಬಣ್ಣ ಹಚ್ಚಿ ಅಳಿಸಿದರು. ಇವರು ಮುಂದಿನ ಕಂತಿನಲ್ಲಿ ಮತ್ತೆ ಇಟ್ಟರು. ಎಡಿಟರ್ ಫೋನು ಮಾಡಿದಾಗ ನಾನು ಅಲ್ಲೇ ಇದ್ದೆ. "ಚೆಲ್ಲಿಲ್ಲ ಸರ್, ಅದು ಮಚ್ಚೆ" ಎಂದರು. ಫೋನು ಇಟ್ಟು ನನ್ನ ಕಡೆ ತಿರುಗಿ, "ಮಚ್ಚೆ ಅಂದ್ರೆ ಚೆಲುವು ಅಂದ್ಕೊಂಡು ಬಿಟ್ಬಿಟ್ರು" ಎಂದರು.

"ರಾಕ್ಷಸಿಗೆ ಯಾಕ್ರೀ ದೃಷ್ಟಿ ಬೊಟ್ಟು?"

"ಅವಳನ್ನ ಒಬ್ರಾದ್ರೂ ಒಳ್ಳೆ ಕಣ್ಣಲ್ಲಿ ನೋಡ್ತಾರಾ ಅಕ್ಕ? ಪುಸ್ತಕ ತೆಗೆದ ತಕ್ಷಣ ಎಲ್ರೂ ಬೈಕೊಂಡೇ ನೋಡೋದು. ತಾಕಲ್ವಾ?"



ನಾವು ಎರಡನೇ ಮಹಡಿ ಕಟ್ಟಿಸಿದಾಗ ಯಜಮಾನರು ದೊಡ್ಡ ಬೂದುಗುಂಬಳಕಾಯಿ ತಂದರು. ಹೊಸ ಕಟ್ಟಡದ ಮುಂದೆ ರಾಕ್ಷಸ ಮುಖ ಬರೆದು ನೇತುಹಾಕುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ನೋಡುವವರ ಹೊಟ್ಟೆಕಿಚ್ಚೆಲ್ಲ ಆ ದೃಷ್ಟಿಗೊಂಬೆಗೆ ತಾಕಿ ಮನೆ ಉಳಿಯಲಿ ಎಂದು. ಮುಖ ನಾನೇ ಬರೀತೀನಿ ಎಂದು ಮೇಲಿನವರು ಕೇಳಿ ಇಸಿದುಕೊಂಡು ಬರೆದರು. ಹೆಣ್ಣು ಮುಖ, ಅಗಲ ಕಣ್ಣು, ಹೊರಗೆ ಚಾಚಿದ ನಾಲಿಗೆ, ಎಡಗೆನ್ನೆಗೆ ಬೊಟ್ಟು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಎರಡು ದಿನ ಕಳೆದು ಎದುರು ಮನೆಯವರು ಬಂದು ನಮ್ಮ ಹಾಲಿನಲ್ಲಿ ಕೂತರು. ಬಾಗಿಲು ತೆಗೆದಿತ್ತು. ಕಾಫಿ ಕುಡಿಯುತ್ತ, "ಅದ್ಯಾಕ್ರೀ ಅಷ್ಟು ಕಷ್ಟಪಟ್ಟು ದೃಷ್ಟಿಗೊಂಬೆ ಕಟ್ಟಿದ್ರಿ? ಮೇಲೊಂದು ಬಾಡಿಗೆಗೇ ಇಟ್ಕೊಂಡಿದ್ದೀರಲ್ಲ" ಎಂದರು.

ನಾನು ನಕ್ಕೆ.

ಏನು ಹೇಳಿದರು ಎಂದು ತಿಳಿಯುವ ಮುಂಚೆಯೇ ನಗು ಬಂದಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ತಿಳಿದೇ ನಕ್ಕೆ, ಹಲ್ಲು ಕಾಣುವ ಹಾಗೆ. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿಗೆ ಅದು ಮೇಲಕ್ಕೆ ಹೋಯಿತು.

ಸಂಜೆ ಡಬ್ಬಿಯಲ್ಲಿ ಉಪ್ಪಿಟ್ಟು ತೆಗೆದುಕೊಂಡು ಹೋದೆ. ತೆಗೆದುಕೊಂಡು, "ಬಿಸಿಯಾಗಿದೆ" ಎಂದರು. ಮಾರನೆಯ ದಿನ ಡಬ್ಬಿ ವಾಪಸು ಬಂತು. ಖಾಲಿ ಡಬ್ಬಿ ಕೊಡಬಾರದೆಂದು ಒಳಗೆ ಒಂದು ಹಿಡಿ ಕಲ್ಲುಸಕ್ಕರೆ ಹಾಕಿದ್ದರು. ಅವರು ಒಂದು ಮಾತು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅದಾದ ಮೇಲೆ ಒಂದು ವರ್ಷಕ್ಕೆ ಆಫೀಸಿನವರು, ಈ ಸಲ ಕಥೆಯನ್ನೂ ನೀವೇ ಬರೆಯಿರಿ ಎಂದರು. ಹಬ್ಬ ಬಂದವರಂತೆ ಮೇಲಿನವರು ಓಡಿ ಬಂದು ಹೇಳಿದರು. ಅವರ ಖಳನಾಯಕಿಯ ಹೆಸರು ದೃಷ್ಟಿಗೊಂಬೆ. ಒಂದು ಊರಿನವರು ಅವಳನ್ನು ಊರ ಬಾಗಿಲಿಗೆ ಕಟ್ಟಿದ್ದಾರೆ. ಹೊರಗಿನಿಂದ ಬರುವ ಕೆಟ್ಟ ಕಣ್ಣೆಲ್ಲ ಅವಳಿಗೆ ತಾಕುತ್ತದೆ, ಊರು ಬೆಳೆಯುತ್ತದೆ. ಯಾರೂ ಅವಳನ್ನು ಒಳಗೆ ಕರೆಯುವುದಿಲ್ಲ. ಒಂದು ದಿನ ಅವಳು ಹಗ್ಗ ಬಿಚ್ಚಿಕೊಂಡು ಕೆಳಗೆ ಇಳಿಯುತ್ತಾಳೆ. ಊರೆಲ್ಲ ಚೀರಿ ಸೂಪರ್‌ಹೀರೋನನ್ನು ಕರೆಯುತ್ತದೆ.

"ಇಳಿದು ಏನ್ ಮಾಡ್ತಾಳೆ?" ಎಂದೆ.

"ಒಂದು ಮನೆ ಬಾಗಿಲು ತಟ್ಟಿ ನೀರು ಕೇಳ್ತಾಳೆ."

ಆ ಪುಟದ ಪೆನ್ಸಿಲ್ ಚಿತ್ರವನ್ನು ತೋರಿಸಿದರು. ಬಾಗಿಲು ತೆರೆದ ಹೆಂಗಸು ಹೊರಗೆ ನಿಂತವಳನ್ನು ನೋಡಿ ನಗುತ್ತಿದ್ದಳು. ಏಳು ಕಲ್ಲಿನ ಮೂಗುತಿ, ಬಾಗಿಲು ಹಿಡಿದ ಕೈಯಲ್ಲಿ ಸೊಟ್ಟ ಕಿರುಬೆರಳು. ಹಲ್ಲು ಅಷ್ಟೂ ಕಾಣುತ್ತಿದ್ದವು. ನಾನೇ.

ಅವರು ನನ್ನ ಮುಖ ನೋಡಲಿಲ್ಲ. ಹಾಳೆ ನೋಡುತ್ತ, "ಇನ್ನೂ ಪೆನ್ಸಿಲ್ಲೇ ಅಕ್ಕ. ಮಸಿ ಹಾಕಿಲ್ಲ" ಎಂದರು.

ಆಗಲೇ ಕೈ ಹಿಡಿದು ತಪ್ಪಾಯ್ತು ಎನ್ನಬೇಕಿತ್ತು. "ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ" ಎಂದು ಹೇಳಿ ಇಳಿದು ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ವಾರ ಬಿಟ್ಟು ಅವರೇ ಹಾಳೆ ಹಿಡಿದು ಕೆಳಗೆ ಬಂದರು. ಮಸಿ ಹಾಕಿತ್ತು. ಬಾಗಿಲಲ್ಲಿ ನಿಂತ ಹೆಂಗಸಿನ ಬಾಯಿ ಮುಚ್ಚಿತ್ತು. ಕೈ ಬಾಗಿಲ ಮೇಲೆ ಇರಲಿಲ್ಲ. ಲೋಟ ಹಿಡಿದು ಮುಂದಕ್ಕೆ ಚಾಚಿತ್ತು. ಕಿರುಬೆರಳು ಹಾಗೆಯೇ ಸೊಟ್ಟ.

"ನೀರು ಕೊಟ್ಟಿದ್ದೀರಿ ನೋಡಿ" ಎಂದರು.

ನನ್ನ ಜೀವನದಲ್ಲಿ ದೇವರು ಕೊಟ್ಟ ಸಣ್ಣ ಪುಟ್ಟ ಕರುಣೆಗಳನ್ನು ನಾನು ದಿನಾ ದೀಪ ಹಚ್ಚುವಾಗ ನೆನೆಸಿಕೊಳ್ಳುತ್ತೇನೆ. ಗಂಡನ ಆಪರೇಷನ್ ಸಲೀಸಾಗಿ ಆದದ್ದು, ಮಗಳ ಹೆರಿಗೆ, ಬಾವಿ ಬತ್ತದೆ ಇದ್ದದ್ದು. ಮನುಷ್ಯರು ಕೊಟ್ಟದ್ದರಲ್ಲಿ ಆ ಲೋಟಕ್ಕಿಂತ ದೊಡ್ಡದು ನೆನಪಿಗೆ ಬರುವುದಿಲ್ಲ.

ಅವರ ಕಥೆಯಲ್ಲಿ ದೃಷ್ಟಿಗೊಂಬೆ ನೀರು ಕುಡಿದು, ಲೋಟ ತೊಳೆದಿಟ್ಟು, ಊರು ಬಿಟ್ಟು ನಡೆದು ಹೋಗುತ್ತಾಳೆ. ಹಾರಿ ಬಂದ ನಾಯಕ ಏನು ಮಾಡಬೇಕೆಂದು ತಿಳಿಯದೆ ನಿಂತಿರುತ್ತಾನೆ. ಅದೇ ಕಡೇ ಪುಟ. ಆ ಪುಟ ಹಿಡಿದುಕೊಂಡು ಎಡಿಟರೇ ನಮ್ಮ ಮನೆಗೆ ಬಂದರು. ಮೆತ್ತಗೆ ಮಾತಾಡುವ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದರು. ಕಾಫಿ ತೆಗೆದುಕೊಂಡು ನಾನೂ ಮೇಲೆ ಹೋದೆ.

"ವಿಲನ್ ನೀರು ಕುಡಿದು ಹೊರಟೋದ್ರೆ ಹೀರೋ ಯಾಕ್ ಮೇಡಂ ಬೇಕು? ಓದೋರು ಕಾಯ್ತಿರ್ತಾರೆ. ಅವನ ಕಣ್ಣಿಂದ ಬೆಂಕಿ ಬರ್ಬೇಕು, ಇವಳು ಸುಟ್ಟೋಗ್ಬೇಕು. ಒಂದೇ ಪುಟ."

ಇವರು ಮೇಜಿನ ಮೇಲಿನ ಲೇಖನಿ ಎತ್ತಿಕೊಂಡರು.

"ನಮ್ಮ ಪದ್ಧತಿನೂ ಅದೇ ಅಲ್ವಾ ಮೇಡಂ" ಎಂದು ನನ್ನ ಕಡೆಯೂ ಒಮ್ಮೆ ನೋಡಿದರು. "ದೃಷ್ಟಿ ತೆಗೆದ ಮೇಲೆ ಆ ಮೆಣಸಿನಕಾಯಿ, ಪೊರಕೆ ಕಡ್ಡಿ ಸುಡೋದೇ ತಾನೇ?"

ಮೇಲಿನವರು ಲೇಖನಿಯ ಮೊನೆ ಒರೆಸುತ್ತ, "ನಾನು ಒಂದ್ಸಲ ಸುಟ್ಟಿದ್ದೀನಿ ಸರ್. ಇನ್ನೊಂದ್ಸಲ, ಅದೂ ನನ್ನ ಕೈಯಿಂದಲೇ, ಆಗಲ್ಲ" ಎಂದರು.

ಆ ಮನುಷ್ಯ ಮೊದಲ ಸಲ ಅವರ ಮುಖವನ್ನು ನೇರವಾಗಿ ನೋಡಿದರು. ಕಾಫಿ ಪೂರ್ತಿ ಕುಡಿಯಲಿಲ್ಲ. "ನೋಡೋಣ ಮೇಡಂ" ಎಂದು ಹೊರಟರು. ಉಳಿದ ಪುಟಗಳೆಲ್ಲ ಆಫೀಸಿಗೆ ಹೋಗಿದ್ದವು. ಕಡೇ ಪುಟ ಮಾತ್ರ ಮೇಜಿನ ಮೇಲೆ ಉಳಿಯಿತು. ಮೇಲಿನವರು ಅದನ್ನೇ ಮತ್ತೆ ಕಳಿಸಿದರು, ಅದು ಮತ್ತೆ ವಾಪಸು ಬಂತು. ಬೇರೆ ಕೆಲಸವೂ ಬರುವುದು ನಿಂತಿತು. ಎರಡನೇ ಸಲ ವಾಪಸು ಬಂದ ದಿನವೇ ಇರಬೇಕು, ಮಸಿ ಸೀಸೆ ಉರುಳಿ ಆ ಗೋಡೆಗೆ ಹಾರಿದ್ದು. ಹೇಗೆ ಉರುಳಿತು ಎಂದು ನಾನು ಕೇಳಲಿಲ್ಲ.

ಆಮೇಲೆ ಹೊಟ್ಟೆನೋವು ಶುರುವಾಯಿತು. ತೋರಿಸಿದರೆ ಒಳಗೆ ಗಡ್ಡೆ, ತಡವಾಗಿದೆ ಎಂದರು. ನಾಲ್ಕು ತಿಂಗಳು. ಮಧ್ಯಾಹ್ನದ ಊಟ ನಾನೇ ತೆಗೆದುಕೊಂಡು ಹೋಗುತ್ತಿದ್ದೆ, ಅಷ್ಟರ ಮಟ್ಟಿಗೆ ಕಾಲು ಗಟ್ಟಿ ಇಟ್ಟಿದ್ದಾಳೆ ಅಮ್ಮ. ಕಡೆ ಕಡೆಗೆ ಗಂಜಿಯ ನೀರು ಮಾತ್ರ. ಒಂದು ದಿನ ಆಸ್ಪತ್ರೆಯಲ್ಲಿ ಅವರಾಗಿಯೇ, "ನಾನು ಹೋದ್ಮೇಲೆ ಯಾರ ಕೈಲಾದ್ರೂ ಬರೆಸಿ ಅವಳನ್ನ ಸುಡ್ತಾರೆ ಅಕ್ಕ" ಎಂದರು. ಇಲ್ಲ ಎನ್ನಲು ನನಗೇನು ಅಧಿಕಾರ. ಧೈರ್ಯ ಮಾಡಿ, "ಆವತ್ತು ಎದುರು ಮನೆಯವರು ಬಂದಾಗ ನಾನು..." ಎಂದು ಶುರು ಮಾಡಿದೆ.

"ಬಿಡಿ ಅಕ್ಕ" ಎಂದರು. "ಮಸಿ ಹಾಕಾಯ್ತಲ್ಲ."

ಅದಾಗಿ ಐದನೆಯ ದಿನ ಬೆಳಗ್ಗೆ ಹೋದರು. ಎಡಗಣ್ಣು ಮುಚ್ಚಿರಲಿಲ್ಲ, ನರ್ಸು ಎರಡು ಸಲ ಮುಚ್ಚಲು ನೋಡಿದಳು, ಆಗಲಿಲ್ಲ. ಊರಿನಿಂದ ಅವರ ಅಣ್ಣ ಬಂದು ತಮ್ಮ ಪದ್ಧತಿಯಂತೆ ದಹನ ಮಾಡಿಸಿದರು. ಇನ್ನೊಂದು ಸಲ ಸುಡುವುದು ಬೇಡವೆಂದು ಅವರು ಹೇಳಿದ್ದು ಚಿತ್ರದ ಬಗ್ಗೆ. ಆ ಮಾತನ್ನು ದೇಹಕ್ಕೆ ಹಚ್ಚಿ ಅವರ ಅಣ್ಣನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಗೇಟಿನವರೆಗೆ ಹೋಗಿ ನಿಂತೆ. ವ್ಯಾನು ತಿರುವಿನಲ್ಲಿ ಮರೆಯಾಯಿತು.

ಮೂರು ತಿಂಗಳ ಮೇಲೆ ಅಂಚೆಯಲ್ಲಿ ಪುಸ್ತಕ ಬಂತು, ಅವರ ಹೆಸರಿಗೆ. ನಾನೇ ಬಿಡಿಸಿದೆ. ದೇವರ ಮುಂದೆ ಕೂತು ಒಂದೊಂದೇ ಪುಟ ತಿರುವಿದೆ. ಊರ ಬಾಗಿಲು, ಹಗ್ಗ, ಎಡಗೆನ್ನೆಯ ಬೊಟ್ಟು ಎಲ್ಲ ಅವರು ಬರೆದ ಹಾಗೆಯೇ ಇತ್ತು. ನೀರು ಕೊಡುವ ಹೆಂಗಸೂ ಇದ್ದಳು, ಬಾಯಿ ಮುಚ್ಚಿಕೊಂಡು, ಲೋಟ ಚಾಚಿಕೊಂಡು. ಅದನ್ನು ತೆಗೆದುಹಾಕಿರಲಿಲ್ಲ.

ಕಡೇ ಪುಟ ಬೇರೆಯವರ ಕೈ. ನೋಡಿದರೇ ಗೊತ್ತಾಗುತ್ತದೆ, ಬೆರಳುಗಳು ಉದ್ದ, ಚೂಪು, ನೆಟ್ಟಗೆ. ನಾಯಕನ ಕಣ್ಣಿಂದ ಬೆಂಕಿ ಬಂದಿತ್ತು. ಅವಳು ಕೂದಲು ಬಿಚ್ಚಿಕೊಂಡು, ಬಾಯಿ ತೆರೆದು, ಹಲ್ಲು ಕಾಣುವ ಹಾಗೆ ಉರಿಯುತ್ತಿದ್ದಳು. ಮುಖ ಆಗಲೇ ಕರಕಲಾಗಿತ್ತು. ಬೊಟ್ಟು ಇಡುವುದನ್ನು ಬರೆದವರು ಮರೆತಿದ್ದರು, ಅಥವಾ ಅವರಿಗೆ ಯಾರೂ ಹೇಳಿರಲಿಲ್ಲ.

ಮೊಮ್ಮಗಳ ಕಾಡಿಗೆ ಡಬ್ಬಿ ಬೀರುವಿನಲ್ಲಿತ್ತು. ಉಂಗುರ ಬೆರಳಲ್ಲಿ ಒಂದಿಷ್ಟು ತೆಗೆದು ಚಿತ್ರದಲ್ಲಿ ಉರಿಯುತ್ತಿದ್ದವಳ ಎಡಗೆನ್ನೆಗೆ ಒತ್ತಿದೆ. ಕಪ್ಪಿನ ಮೇಲೆ ಕಪ್ಪು. ಏನೂ ಕಾಣಲಿಲ್ಲ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಆಗಲೂ ಕಾಣಲಿಲ್ಲ. ಇಟ್ಟಿದ್ದೇನೆ ಎಂದು ನನಗೆ ಗೊತ್ತು.